ನೀರಿನಂತೆ ಹರಿಯುವ ಗಾಳಿ

ಶಾಲೆಯಲ್ಲಿ ಕನ್ನಡ ಹೇಳಿಕೊಡುವವನಿಗೆ ನೀರು, ಗಾಳಿಗಳ ಗೊಡವೆ ಏಕೆ ಎಂದು ನೀವು ಕೇಳಬಹುದು. ಗೊಡವೆ ಬಂದದ್ದು ಪದಗಳ ದಾರಿಯಿಂದಲೇ. ನಮ್ಮ ವಿಜ್ಞಾನದ ಪುಸ್ತಕಗಳು ಹರಿಯುವ ಪದಾರ್ಥಗಳಿಗೆ ಎರಡು ಹೆಸರು ಕೊಟ್ಟಿವೆ: ದ್ರವ ಮತ್ತು ಅನಿಲ. ದ್ರವ ಎಂಬುದು ‘ದ್ರು’ ಧಾತುವಿನಿಂದ ಬಂದದ್ದು. ಓಡು, ಹರಿ ಎಂದು ಅದರ ಅರ್ಥ. ಅನಿಲ ಎಂಬುದು ‘ಅನ್’ ಧಾತುವಿನಿಂದ ಹುಟ್ಟಿದ್ದು. ಉಸಿರಾಡು ಎಂದು ಅದರ ಅರ್ಥ. ‘ಪ್ರಾಣ’ ಎಂಬ ಮಾತಿನೊಳಗೆ ಕುಳಿತಿರುವುದೂ ಇದೇ ಧಾತು. ಹೆಸರುಗಳೇನೋ ಅಂದವಾಗಿವೆ. ಆದರೆ ಅವುಗಳ ಅರ್ಥವನ್ನೇ ನೆಚ್ಚಿಕೊಂಡರೆ ಎರಡು ಸಂಗತಿ ಮರೆತುಹೋಗುತ್ತವೆ. ಹರಿಯುವುದು ನೀರೊಂದೇ ಅಲ್ಲ, ಗಾಳಿಯೂ ತಗ್ಗು ಹುಡುಕಿಕೊಂಡು ಹರಿಯಬಲ್ಲದು. ಮತ್ತು ಅನಿಲವೆನ್ನಿಸಿಕೊಂಡದ್ದೆಲ್ಲ ಉಸಿರಿಗೆ ಒದಗುವುದಿಲ್ಲ. ಇವೆರಡನ್ನು ಅರಿಯದೆ ಬಾವಿಯಲ್ಲಿ, ಗುಂಡಿಯಲ್ಲಿ ಜೀವ ಕಳೆದುಕೊಂಡವರು ನಮ್ಮ ನಾಡಿನಲ್ಲಿ ಅನೇಕರು. ಆದ್ದರಿಂದ ಈ ಮಾತು.

ಮೊದಲು ನೀರನ್ನು ನೋಡೋಣ. ಕಾಗಿನೆಲೆಯ ಕೆರೆಯ ಏರಿಯ ಮೇಲೆ ನಿಂತ ಹುಡುಗ ಕೇಳುವ ಪ್ರಶ್ನೆ ಇದು: ಏರಿ ಮೇಲೆ ಕಿರಿದಾಗಿ, ತಳದಲ್ಲಿ ಅಷ್ಟು ಹಿರಿದಾಗಿ ಇರುವುದೇಕೆ? ಉತ್ತರ ಸರಳ. ನೀರಿಗೆ ಭಾರವುಂಟು. ಮೇಲಿನ ನೀರಿನ ಭಾರವನ್ನು ಕೆಳಗಿನ ನೀರು ಹೊರಬೇಕು. ಆಳಕ್ಕೆ ಹೋದಂತೆಲ್ಲ ಒತ್ತಡ ಹೆಚ್ಚುತ್ತದೆ. ಹತ್ತು ಮೀಟರು ಆಳದಲ್ಲಿ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೆ ನೀರು ಒಂದು ಕಿಲೋಗ್ರಾಮಿನಷ್ಟು ಒತ್ತುತ್ತದೆ. ಆ ಒತ್ತು ಕೆಳಕ್ಕೆ ಮಾತ್ರವಲ್ಲ, ಪಕ್ಕಕ್ಕೂ ಉಂಟು, ಮೇಲಕ್ಕೂ ಉಂಟು. ಇನ್ನೊಂದು ಸ್ವಾರಸ್ಯ: ಈ ಒತ್ತಡ ಕೆರೆಯ ವಿಸ್ತಾರವನ್ನು ನೋಡುವುದಿಲ್ಲ, ಆಳವನ್ನು ಮಾತ್ರ ನೋಡುತ್ತದೆ. ಹರದಾರಿ ಉದ್ದದ ಕೆರೆಯಾದರೂ ಒಂದೇ, ಮನೆಯ ಹಿಂದಿನ ಬಾವಿಯಾದರೂ ಒಂದೇ. ಆಳ ಒಂದೇ ಆಗಿದ್ದರೆ ಒತ್ತಡವೂ ಒಂದೇ. ಹಾವೇರಿ ಜಿಲ್ಲೆಯಲ್ಲೇ, ಕುಮುದ್ವತಿ ನದಿಗೆ ಅಡ್ಡಲಾಗಿ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗ ಮಾಸೂರು ಕೆರೆಯ ಹಳೆಯ ಏರಿಯನ್ನು ನೋಡಿ ಬನ್ನಿ. ಎತ್ತರಕ್ಕಿಂತ ಹಲವು ಪಟ್ಟು ಅಗಲ ಅದರ ತಳ. ಕಟ್ಟಿದವರಿಗೆ ಸೂತ್ರಗಳು ತಿಳಿದಿದ್ದುವೋ ಇಲ್ಲವೋ, ನೀರಿನ ಸ್ವಭಾವ ತಿಳಿದಿತ್ತು.

ಈಗ ಗಾಳಿಗೆ ಬರೋಣ. ಗಾಳಿಗೂ ಭಾರವುಂಟು. ಒಂದು ಘನ ಮೀಟರು ಗಾಳಿ ಒಂದು ಕಿಲೋಗ್ರಾಮಿಗೆ ತುಸು ಹೆಚ್ಚೇ ತೂಗುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿ ನೀವು ಕುಳಿತು ಇದನ್ನು ಓದುತ್ತಿದ್ದರೆ, ಖಾಲಿಯೆಂದು ನೀವು ತಿಳಿದ ಆ ಕೋಣೆಯಲ್ಲಿ ಸುಮಾರು 30 ಕಿಲೋಗ್ರಾಂ ಗಾಳಿ ತುಂಬಿದೆ. ನಾವು ಮೀನಿನ ಹಾಗೆ ಗಾಳಿಯ ಕಡಲಿನ ತಳದಲ್ಲಿ ಬದುಕಿದ್ದೇವೆ. ಇಟಲಿಯ ಟಾರಿಚೆಲ್ಲಿ ಎಂಬ ಪಂಡಿತ 1643ರ ಸುಮಾರಿಗೆ ಪಾದರಸದ ನಳಿಗೆಯಿಂದ ಈ ಕಡಲಿನ ಒತ್ತಡವನ್ನು ಅಳೆದು ತೋರಿಸಿದ.

ಇದರಿಂದ ರೈತರ ಒಂದು ಪ್ರಶ್ನೆಗೂ ಉತ್ತರ ಸಿಗುತ್ತದೆ. ದಡದ ಮೇಲಿಟ್ಟ ಪಂಪು ಆಳದ ಬಾವಿಯ ನೀರನ್ನು ಎತ್ತುವುದಿಲ್ಲ, ಏಕೆ? ಪಂಪು ನೀರನ್ನು ಎಳೆಯುತ್ತದೆಂದು ನಾವು ಹೇಳುತ್ತೇವೆ. ನಿಜವಾಗಿ ಎಳೆಯುವುದಿಲ್ಲ. ಅದು ಕೊಳವೆಯೊಳಗಿನ ಗಾಳಿಯನ್ನು ತೆಗೆದುಹಾಕುತ್ತದೆ, ಅಷ್ಟೆ. ಆಗ ಬಾವಿಯ ನೀರಿನ ಮೇಲೆ ಒತ್ತಿಕೊಂಡಿರುವ ಹೊರಗಿನ ಗಾಳಿ ನೀರನ್ನು ಕೊಳವೆಯೊಳಕ್ಕೆ ತಳ್ಳುತ್ತದೆ. ಆ ಗಾಳಿಯ ಶಕ್ತಿ ಸಮುದ್ರದ ಮಟ್ಟದಲ್ಲಿ ಹತ್ತು ಮೀಟರಿಗೆ ಮುಗಿಯಿತು. ಐದು ನೂರು ಮೀಟರಿಗೂ ಎತ್ತರದಲ್ಲಿರುವ ಬ್ಯಾಡಗಿ, ರಾಣೆಬೆನ್ನೂರುಗಳಲ್ಲಿ ಅದಕ್ಕಿಂತ ಕಡಮೆ. ಕೊಳವೆಯ ಸೋರಿಕೆ, ತಿಕ್ಕಾಟಗಳನ್ನು ಕಳೆದರೆ ಕೈಗೆ ಹತ್ತುವುದು ಆರೇಳು ಮೀಟರು. ಅದಕ್ಕಾಗಿಯೇ ತೆರೆದ ಬಾವಿಗಳಲ್ಲಿ ಪಂಪನ್ನು ನಡುವಿನ ಕಟ್ಟೆಗೆ ಇಳಿಸಿ ಕೂರಿಸುತ್ತಿದ್ದರು. ಪಂಪಿನೊಡನೆ ಎಣ್ಣೆಯ ಎಂಜಿನ್ನೂ ಇಳಿಯುತ್ತಿತ್ತು. ಅದು ತಂದ ಕೇಡನ್ನು ಮುಂದೆ ಹೇಳುತ್ತೇನೆ.

ಗಾಳಿಗೆ ಭಾರವುಂಟೆಂದ ಮೇಲೆ, ಹಗುರವಾದ ಗಾಳಿ, ಭಾರವಾದ ಗಾಳಿ ಎಂಬ ಭೇದವೂ ಉಂಟು. ಅಡಿಗೆಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಮುರಿದು ಒಗ್ಗರಣೆ ಹಾಕಿದರೆ ಪಡಸಾಲೆಯಲ್ಲಿ ಕುಳಿತ ಯಜಮಾನರು ಸೀನುತ್ತಾರೆ. ಆ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಮೆ ಎಂದು ಹೆಸರು. ಆದರೂ ಘಾಟು ಬಿಡುವುದಿಲ್ಲ. ಬಿಸಿಯಾದ ಗಾಳಿ ಹಿಗ್ಗಿ ಹಗುರವಾಗಿ ಮೇಲೇರುತ್ತದೆ, ಘಾಟನ್ನೂ ಹೊಗೆಯನ್ನೂ ಹೊತ್ತುಕೊಂಡು ಹೋಗುತ್ತದೆ. ಮಾಳಿಗೆಮನೆಗಳಲ್ಲಿ ನಮ್ಮ ಹಿರಿಯರು ಒಲೆಯ ನೆತ್ತಿಗೆ ಬೆಳಕಿಂಡಿ ಬಿಟ್ಟದ್ದು ಬೆಳಕಿಗೆ ಮಾತ್ರವಲ್ಲ, ಈ ಗಾಳಿಗೆ ದಾರಿಯಾಗಲೆಂದು.

ಭಾರವಾದ ಗಾಳಿಯನ್ನು ಕಾಣಬೇಕೆ? ಮನೆಯಲ್ಲೇ ಮಾಡಿ ನೋಡಿ. ಒಂದು ಚೊಂಬಿನಲ್ಲಿ ಎರಡು ಚಮಚ ಅಡಿಗೆ ಸೋಡಾ ಹಾಕಿ, ಮೇಲೆ ನಿಂಬೆಯ ರಸ ಹಿಂಡಿ. ಬುರುಗು ಬಂದು ಇಳಿಯಲಿ. ಉರಿಯುವ ಹಣತೆಯ ಮೇಲೆ ಚೊಂಬನ್ನು ಮೆಲ್ಲನೆ ಬಾಗಿಸಿ, ರಸ ಚೆಲ್ಲದ ಹಾಗೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ದೀಪ ಆರುತ್ತದೆ. ಚೊಂಬಿನಿಂದ ಸುರಿದದ್ದು ಇಂಗಾಲದ ಡೈಆಕ್ಸೈಡ್, ಹಳೆಯ ಪಠ್ಯಗಳ ಇಂಗಾಲಾಮ್ಲ. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ. ನೀರಿನಂತೆಯೇ ಪಾತ್ರೆಯಲ್ಲಿ ನಿಂತಿತು, ನೀರಿನಂತೆಯೇ ಸುರಿಯಿತು.

ಇದು ಆಟವಾಯಿತು. ಇದೇ ಸಂಗತಿ ಆಟವಲ್ಲದ ಕಡೆಯೊಂದು ನಮ್ಮ ಸೀಮೆಯಲ್ಲಿದೆ.

ಕಾಗಿನೆಲೆಯ ಕನಕದಾಸರು ‘ರಾಮಧಾನ್ಯಚರಿತೆ’ ಎಂಬ ಕಾವ್ಯ ಬರೆದರೆಂಬುದು ನಿಮಗೆ ಗೊತ್ತು. ಅದರಲ್ಲಿ ರಾಗಿಗೂ ಭತ್ತಕ್ಕೂ ಯಾರು ಹೆಚ್ಚೆಂದು ವಾದ ಹುಟ್ಟುತ್ತದೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಕಡೆಗೆ ಕೆಡದೆ ಉಳಿದ ರಾಗಿ ಗೆಲ್ಲುತ್ತದೆ. ಕಾಳು ಎಷ್ಟು ದಿನ ಕೆಡದೆ ಉಳಿದೀತು ಎಂಬುದು ಒಕ್ಕಲು ಮನೆತನಗಳ ಹಳೆಯ ಚಿಂತೆ. ಜೋಳದ ನಾಡಾದ ನಮ್ಮಲ್ಲಿ ಅದಕ್ಕೆ ಕಂಡುಕೊಂಡ ಉಪಾಯ ಹಗೇವು. ಆಳವಾದ ನೆಲಗುಂಡಿ, ಬಾಯಿ ಕಿರಿದು, ಹೊಟ್ಟೆ ಹಿರಿದು. ಒಳಗೆಲ್ಲ ಒಣಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಕಾಳು ನುಸಿಯಿಲ್ಲದೆ ನಿಲ್ಲುತ್ತಿತ್ತು.

ನುಸಿ ಏಕೆ ಹಿಡಿಯುವುದಿಲ್ಲ? ಕಾಳಿಗೂ ಜೀವವುಂಟು, ಅದೂ ಉಸಿರಾಡುತ್ತದೆ. ಹುಳುಗಳೂ ಉಸಿರಾಡುತ್ತವೆ. ಮುಚ್ಚಿದ ಗುಂಡಿಯಲ್ಲಿ ಇದ್ದಷ್ಟು ಆಮ್ಲಜನಕವನ್ನು ಅವು ಮುಗಿಸುತ್ತವೆ, ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಕೊನೆಗೆ ಹುಳುಗಳು ಉಸಿರಿಲ್ಲದೆ ಸಾಯುತ್ತವೆ, ಕಾಳು ಉಳಿಯುತ್ತದೆ. ಆದರೆ ಕಾಳನ್ನು ಕಾಯುವ ಗಾಳಿಯೇ ಆಳನ್ನು ಕೊಲ್ಲುತ್ತದೆ. ಬಾಯಿ ತೆಗೆದ ಕೂಡಲೆ ಇಳಿದವನು ಮೇಲೆ ಬರುವುದಿಲ್ಲ. ಹಗೇವಿಗೆ ‘ಹಗೆ’ ಎಂದೂ ಹೆಸರುಂಟು. ಹಗೆ ಎಂದರೆ ವೈರಿಯೂ ಹೌದು. ನಿಘಂಟಿನಲ್ಲಿ ಅವು ಎರಡು ಬೇರೆ ಪದಗಳು. ಆತುರದವನಿಗೆ ಎರಡೂ ಒಂದೇ ಆದೀತು. ಆದ್ದರಿಂದಲೇ ತಿಳಿದ ಹಿರಿಯರು ಬಾಯಿ ತೆಗೆದು ಸಾಕಷ್ಟು ಹೊತ್ತು ಬಿಟ್ಟು, ದೀಪ ಇಳಿಬಿಟ್ಟು ನೋಡಿ, ಅದು ಉರಿದರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ಹಗೇವುಗಳು ಈಗ ವಿರಳ. ಆದರೆ ಪಾಳುಬಾವಿ, ಮಲದ ಗುಂಡಿ, ಗೋಬರ್ ಗ್ಯಾಸಿನ ತೊಟ್ಟಿಗಳು ಇವೆ. ಅಲ್ಲಿ ಕೊಳೆಯುವ ಕಸವೂ ಕಾಳಿನ ಹಾಗೆ ಆಮ್ಲಜನಕವನ್ನು ನುಂಗುತ್ತದೆ, ಜೊತೆಗೆ ಬೇರೆ ವಿಷದ ಗಾಳಿಗಳನ್ನೂ ಹುಟ್ಟಿಸುತ್ತದೆ.

ಬುದ್ಧಿವಂತ ವಿದ್ಯಾರ್ಥಿ ಇಲ್ಲಿ ತಡೆದು ಕೇಳುತ್ತಾನೆ: ಹಾವೇರಿಯ ಏಲಕ್ಕಿ ಹಾರವನ್ನು ಒಂದು ಮೂಲೆಯಲ್ಲಿ ತೂಗುಹಾಕಿದರೆ ಅದರ ಕಂಪು ಮನೆಯೆಲ್ಲ ಹರಡುತ್ತದಲ್ಲ? ಹಾಗೆಯೇ ಕೆಟ್ಟ ಗಾಳಿಯೂ ತಾನಾಗಿ ಹರಡಿ ಹೋಗಬಾರದೇಕೆ? ಒಳ್ಳೆಯ ಪ್ರಶ್ನೆ. ಅನಿಲಗಳು ಒಂದರೊಳಗೊಂದು ಬೆರೆಯುವುದು ನಿಜ. ಒಮ್ಮೆ ಬೆರೆತರೆ ಮತ್ತೆ ಬೇರ್ಪಟ್ಟು ಪದರಾಗುವುದೂ ಇಲ್ಲ. ಆದರೆ ಅಲುಗಾಡದ ಗಾಳಿಯಲ್ಲಿ ಈ ಬೆರಕೆ ಬಹಳ ನಿಧಾನ. ಮನೆಯಲ್ಲಿ ಕಂಪನ್ನು ಬೇಗ ಹೊತ್ತು ತಿರುಗುವುದು ಬಾಗಿಲು ಕಿಟಕಿಗಳಿಂದ ಬೀಸುವ ಗಾಳಿ. ಬಾವಿಯ ತಳಕ್ಕೆ ಯಾವ ಗಾಳಿ ಬೀಸೀತು? ತಗ್ಗಿನಲ್ಲಿ ಹುಟ್ಟಿದ ಭಾರದ ಗಾಳಿ ತಗ್ಗಿನಲ್ಲೇ ನಿಲ್ಲುತ್ತದೆ.

ನಿಲ್ಲುವುದಷ್ಟೇ ಅಲ್ಲ, ದಾರಿ ಸಿಕ್ಕರೆ ಹೊಳೆಯಾಗಿ ಹರಿಯುತ್ತದೆ. ಆಫ್ರಿಕದ ಕ್ಯಾಮರೂನ್ ದೇಶದಲ್ಲಿ ನ್ಯೋಸ್ ಎಂಬ ಸರೋವರವಿದೆ. ಜ್ವಾಲಾಮುಖಿಯ ನೆಲದಿಂದ ಹೊಮ್ಮಿದ ಇಂಗಾಲದ ಡೈಆಕ್ಸೈಡ್ ಅದರ ತಳದ ನೀರಿನಲ್ಲಿ ಕರಗಿ ಸೇರಿಕೊಂಡಿತ್ತು. 1986ರ ಆಗಸ್ಟ್ 21ರ ರಾತ್ರಿ ಅದು ಒಮ್ಮೆಲೆ ನೊರೆಯೆದ್ದು ಹೊರಬಿತ್ತು, ಕಣಿವೆಗಳ ಇಳಿಜಾರು ಹಿಡಿದು ಹಳ್ಳಿಗಳಿಗೆ ನುಗ್ಗಿತು. ಸುಮಾರು 1,700 ಜನ ಸತ್ತರು, ಸಾವಿರಾರು ದನಗಳು ಸತ್ತವು. 2001ರಿಂದ ಆ ಸರೋವರದ ತಳಕ್ಕೆ ಕೊಳವೆ ಇಳಿಸಿ ಅನಿಲವನ್ನು ಸ್ವಲ್ಪ ಸ್ವಲ್ಪವಾಗಿ ಹೊರಬಿಡುವ ಏರ್ಪಾಟಾಯಿತು. ಅಷ್ಟು ದೊಡ್ಡ ಸರೋವರದ ಪಾಠವೂ ನಮ್ಮ ಪಾಳುಬಾವಿಯ ಪಾಠವೂ ಒಂದೇ.

ಹಿರಿಯರ ದೀಪದ ಪರೀಕ್ಷೆಯನ್ನು ಸ್ವಲ್ಪ ವಿಚಾರಿಸಬೇಕು. ಒಳ್ಳೆಯ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ. ಅದು 16ರ ಹತ್ತಿರಕ್ಕೆ ಇಳಿದಾಗ ದೀಪ ಆರುತ್ತದೆ. ಹತ್ತಕ್ಕೆ ಇಳಿದರೆ ಮನುಷ್ಯನ ಪ್ರಜ್ಞೆ ತಪ್ಪುತ್ತದೆ. ಆದುದರಿಂದ ದೀಪ ಆರಿದರೆ ಇಳಿಯಲೇಬಾರದು, ಇದು ಖಂಡಿತ. ಆದರೆ ದೀಪ ಉರಿಯಿತೆಂದು ಇಳಿಯಬಹುದೆಂಬುದು ಖಂಡಿತವಲ್ಲ. ಬಾವಿಯೊಳಗೆ ಎಣ್ಣೆಯ ಎಂಜಿನ್ ನಡೆದಿದ್ದರೆ ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ನಡುವೆ ದೀಪ ಉರಿಯುತ್ತಲೇ ಇರುತ್ತದೆ, ಮನುಷ್ಯ ಬೀಳುತ್ತಾನೆ. ಮಲದ ಗುಂಡಿಗೂ ಗೋಬರ್ ಗ್ಯಾಸಿನ ತೊಟ್ಟಿಗೂ ದೀಪವನ್ನು ತೋರಿಸಲೇಬಾರದು. ಅಲ್ಲಿಯ ಅನಿಲ ಹೊತ್ತಿಕೊಂಡು ಸಿಡಿಯುತ್ತದೆ. ರಕ್ಷಣೆಯ ಸಲಕರಣೆಗಳಿಲ್ಲದೆ ಚರಂಡಿಗೆ, ಮಲದ ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಕೂಲಿ ಕೊಡುತ್ತೇನೆಂದು ಒಬ್ಬನನ್ನು ಇಳಿಸುವ ಮನೆಯೊಡೆಯ ಅವನ ಉಸಿರನ್ನೇ ಕೊಂಡಂತೆ.

ಎಲ್ಲಕ್ಕಿಂತ ದುಃಖದ ಸಂಗತಿ ಒಂದಿದೆ. ಇಂಥ ಕಡೆ ಒಬ್ಬನೇ ಸಾಯುವುದು ಅಪರೂಪ. ಅಣ್ಣ ಬಿದ್ದನೆಂದು ತಮ್ಮ ಇಳಿಯುತ್ತಾನೆ, ಇಬ್ಬರೂ ಬರಲಿಲ್ಲವೆಂದು ನೆರೆಯವನು ಇಳಿಯುತ್ತಾನೆ. ಇಳಿಸಿದ್ದು ಪ್ರೀತಿ, ಕೊಂದದ್ದು ಅದೇ ಗಾಳಿ. ಕೆಳಗೆ ಬಿದ್ದವನು ಮೂರ್ಛೆ ಹೋದದ್ದು ಕಾಲು ಜಾರಿ ಅಲ್ಲ, ಗಾಳಿಯಿಂದ ಎಂದು ಮೇಲಿದ್ದವನಿಗೆ ಹೊಳೆದರೆ ಎರಡನೆಯ ಜೀವ ಉಳಿಯುತ್ತದೆ. ಸಹಾಯಕ್ಕೆ 112ಕ್ಕೆ ಕರೆಮಾಡಬೇಕು. ಅಷ್ಟರಲ್ಲಿ ಮೇಲಿನಿಂದಲೇ ಗಾಳಿ ಊದಬಹುದು, ಸೊಪ್ಪಿನ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿ ನಿಂತ ಗಾಳಿಯನ್ನು ಕದಡಬಹುದು. ಇಳಿಯುವ ಮೊದಲೇ ಸೊಂಟಕ್ಕೆ ಹಗ್ಗ ಕಟ್ಟಿ, ಅದರ ತುದಿಯನ್ನು ಮೇಲೆ ಇಬ್ಬರು ಹಿಡಿದಿದ್ದರೆ ಬಿದ್ದವನನ್ನು ಇಳಿಯದೆಯೇ ಎಳೆದುಕೊಳ್ಳಬಹುದು.

ಪೇಟೆಯಲ್ಲಿರುವ ನಮಗೆ ಬಾವಿ, ಹಗೇವುಗಳ ಮಾತೇಕೆ ಎನ್ನುವಿರಾ? ನಿಮ್ಮ ಅಡಿಗೆಮನೆಯ ಮೂಲೆಯಲ್ಲಿ 14.2 ಕಿಲೋಗ್ರಾಮಿನ ಸಿಲಿಂಡರು ನಿಂತಿದೆಯಲ್ಲವೆ? ಅದರೊಳಗಿರುವುದು ಒತ್ತಡದಿಂದ ದ್ರವವಾಗಿಸಿದ ಅನಿಲ. ಹೊರಬಂದರೆ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಒಗ್ಗರಣೆಯ ಹೊಗೆ ಬೆಳಕಿಂಡಿಗೆ ಏರುತ್ತದೆ, ಸೋರಿದ ಗ್ಯಾಸು ನೆಲಕ್ಕೆ ಇಳಿಯುತ್ತದೆ. ಚೆಲ್ಲಿದ ನೀರಿನಂತೆ ಹೊಸ್ತಿಲು ದಾಟಿ, ಮೂಲೆಮೂಲೆಯಲ್ಲಿ ಮಡುಗಟ್ಟುತ್ತದೆ. ಮೇಲಿನ ಕಿಂಡಿಯೊಂದನ್ನು ತೆರೆದರೆ ಸಾಲದು. ನೆಲಮಟ್ಟದ ಬಾಗಿಲುಗಳನ್ನು ತೆರೆಯಬೇಕು. ರೆಗ್ಯುಲೇಟರನ್ನು ಮುಚ್ಚಬೇಕು, ಇರುವ ಉರಿಯನ್ನೆಲ್ಲ ಆರಿಸಬೇಕು. ವಿದ್ಯುತ್ ಗುಂಡಿಯನ್ನು ಹಾಕಲೂಬಾರದು, ತೆಗೆಯಲೂಬಾರದು. ಕಿಡಿ ಒಂದು ಸಾಕು. ಹೊರಗೆ ಬಂದು 1906ಕ್ಕೆ ಕರೆಮಾಡಬೇಕು. ಸಿಲಿಂಡರನ್ನು ನೆಲಮಾಳಿಗೆಯಲ್ಲಿ ಇಡಲೇಬಾರದು, ಅದು ಗ್ಯಾಸಿಗೆ ಹಗೇವು ತೋಡಿಕೊಟ್ಟಂತೆ. ಆ ಅನಿಲಕ್ಕೆ ಸ್ವಂತ ವಾಸನೆ ಇಲ್ಲವೆಂದು, ನಿಮ್ಮ ಮೂಗಿಗೆ ತಿಳಿಯಲೆಂದೇ ದುರ್ವಾಸನೆಯೊಂದನ್ನು ಬೆರೆಸಿರುತ್ತಾರೆ. ಅದು ಬಂದಾಗ ಊದುಬತ್ತಿ ಹಚ್ಚಿ ಮುಚ್ಚುವ ಪ್ರಯತ್ನ ಬೇಡ.

ಕಣ್ಣಿಗೆ ಕಾಣುವ ನೀರಿಗೆ ನಾವು ಅಂಜುತ್ತೇವೆ. ಕೆರೆಯ ಏರಿಯಿಂದ ಮಕ್ಕಳನ್ನು ಕೂಗಿ ಕರೆಯುತ್ತೇವೆ. ಕಾಣದ ಗಾಳಿಗೂ ಅಷ್ಟೇ ಮರ್ಯಾದೆ ಸಲ್ಲಬೇಕು. ತಗ್ಗಿಗೆ ಇಳಿಯುವ ಮುನ್ನ, ಅಲ್ಲಿ ನೀರು ಎಷ್ಟಿದೆ ಎಂದು ಕೇಳುವ ಹಾಗೆ ಗಾಳಿ ಎಂಥದಿದೆ ಎಂದೂ ಕೇಳಿ. ಮನೆಯ ಆಳುಮಕ್ಕಳಿಗೂ ಓದುವ ಹುಡುಗರಿಗೂ ಇದನ್ನು ಹೇಳಿಕೊಡಿ.