ಮೊದಲು ಮಳಿ ಕೇಳ್ರಿ

ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಲ್ಲಿ ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತಿದ್ದೆ. ಆರಿದ್ರ ಮಳೆಯ ದಿನಗಳು, ಆದರೂ ಒಂದು ಹನಿ ಇಲ್ಲ. ಪಕ್ಕದೂರಿನ ರೈತರೊಬ್ಬರು ಬಂದರು. ಕಟ್ಟೆಯ ಮೇಲಿದ್ದ ಅಜ್ಜ ಸರಿದು ಜಾಗ ಕೊಟ್ಟು ಕೇಳಿದ: “ನಿಮ್ಮ ಕಡೆ ಮಳಿ ಹ್ಯಾಂಗ್ರಿ?”

“ಎಲ್ಲಿ ಮಳೀರೀ ಯಜ್ಜಾ! ಸೋಯಾ ಬಾಡಾಕ ಹತ್ತೇತಿ.” ಬೀಜದ ರೇಟು, ಗೊಬ್ಬರ, ಸೊಸೈಟಿ ಸಾಲ, ಎಲ್ಲ ಹೊರಗೆ ಬಂತು. ಅಜ್ಜ ಪೂರಾ ಕೇಳಿಸಿಕೊಂಡ. ಎಲಿ-ಅಡಿಕಿ ಚೀಲ ಮುಂದೆ ಮಾಡಿದ. ಆಮೇಲೆ ಎರಡನೆಯ ಪ್ರಶ್ನೆ: “ಮನ್ಯಾಗ ಎಲ್ಲಾರೂ ಆರಾಮ?”

ಆ ಮನುಷ್ಯನ ಮುಖವೇ ಬೇರೆಯಾಯಿತು. “ಆರಾಮ ಅದೇವ್ರೀ. ಮೊಮ್ಮಗಳು ಗ್ವಾಡಿ ಹಿಡದು ನಡ್ಯಾಕ ಹತ್ಯಾಳ.”

ಸುಖವನ್ನು ಅಳೆಯುವುದು ಹೇಗೆ ಅಂತ ತಲೆ ಕೆಡಿಸಿಕೊಂಡವರು ಬಹಳ ಜನ. ಮನಃಶಾಸ್ತ್ರಜ್ಞ ಎಡ್ ಡೀನರ್ 1984ರಲ್ಲಿ ಬರೆದ ಲೇಖನ ಈ ಅಧ್ಯಯನಕ್ಕೆ ತಳಹದಿ. ಅವರ ಮಾತಿನ ತಿರುಳು ಇಷ್ಟೇ: ಒಬ್ಬನ ಸುಖ ಎಷ್ಟೆಂಬುದನ್ನು ಅವನೇ ಹೇಳಬೇಕು, ನೆರೆಮನೆಯವರಲ್ಲ. ಆದರೆ ಹೇಳುವವನಿಗಾದರೂ ತನ್ನ ಬದುಕು ನಿಚ್ಚಳವಾಗಿ ಕಾಣುತ್ತದೆಯೇ? 1983ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನಾರ್ಬರ್ಟ್ ಶ್ವಾರ್ಟ್ಸ್ ಮತ್ತು ಜೆರಾಲ್ಡ್ ಕ್ಲೋರ್ ಅಮೆರಿಕದಲ್ಲಿ ಜನರಿಗೆ ಫೋನ್ ಮಾಡಿಸಿ, ನಿಮ್ಮ ಬದುಕು ನಿಮಗೆ ತೃಪ್ತಿ ತಂದಿದೆಯೇ ಅಂತ ಕೇಳಿಸಿದರು. ಬಿಸಿಲಿನ ದಿನ ಕೇಳಿದರೆ ತೃಪ್ತಿ ಹೆಚ್ಚು, ಮಳೆಯ ದಿನ ಕಡಿಮೆ. ಇಡೀ ಬಾಳಿನ ಲೆಕ್ಕದಲ್ಲಿ ಆ ದಿನದ ಮೋಡವೂ ಸೇರಿಬಿಟ್ಟಿತ್ತು! ಆದರೆ “ನಿಮ್ಮ ಕಡೆ ಹವಾ ಹೇಗಿದೆ?” ಅಂತ ಮೊದಲು ಕೇಳಿ, ಆಮೇಲೆ ಬದುಕಿನ ಮಾತೆತ್ತಿದಾಗ ಆ ವ್ಯತ್ಯಾಸ ಅಳಿಸಿಹೋಯಿತು. ಮೋಡವನ್ನು ಮೋಡದ ಜಾಗದಲ್ಲಿಟ್ಟು ಜನ ಉತ್ತರ ಕೊಟ್ಟರು.

ನಮ್ಮ ಅಜ್ಜ ಮಾಡಿದ್ದೂ ಅದನ್ನೇ. ಅವನನ್ನು ಕೇಳಿದರೆ, ಇದು ಬರೀ ರೂಢಿ ಅನ್ನುತ್ತಾನೆ.

ಒಂದು ಮಾತು ಮುಚ್ಚಿಡಬಾರದು. 2017ರಲ್ಲಿ ಬೇರೆ ಸಂಶೋಧಕರು ಹೆಚ್ಚು ಜನರನ್ನು ಕೇಳಿ ನೋಡಿದಾಗ ಬಿಸಿಲು-ಮಳೆಯ ಆ ಪರಿಣಾಮ ಅಷ್ಟು ಗಟ್ಟಿಯಾಗಿ ಕಾಣಲಿಲ್ಲ. ಆಶ್ಚರ್ಯವೇನು? ಪಗಾರ ಬರುವವರಿಗೆ ಮಳೆಯೆಂದರೆ ಕೊಡೆ ಹುಡುಕುವ ಕೆಲಸ. ಬಮ್ಮಿಗಟ್ಟಿಯಲ್ಲಿ ಮಳೆಯೇ ಪಗಾರ. ಇಲ್ಲಿ ಮೋಡ ಕವಿದರೆ ಮುಖ ಅರಳುತ್ತದೆ, ಬಿಸಿಲು ಚುರುಗುಟ್ಟಿದರೆ ಬಾಡುತ್ತದೆ. ಮಳೆಯ ಹಾಗೆ ರೈತನ ಕೈಯಲ್ಲಿನ ರೊಕ್ಕಕ್ಕೂ ಒಂದು ಹಂಗಾಮು. ತಮಿಳುನಾಡಿನ 464 ಕಬ್ಬು ಬೆಳೆಗಾರರ ಮೇಲೆ ನಡೆದ ಅಧ್ಯಯನವೊಂದು 2013ರಲ್ಲಿ ಬಂತು. ಕಬ್ಬು ಕಡಿಯುವ ಮುಂಚೆ, ಕೈ ಖಾಲಿ ಇದ್ದಾಗ, ಅವರಿಗೆ ಬುದ್ಧಿಯ ಪರೀಕ್ಷೆ ಕೊಟ್ಟರು. ರೊಕ್ಕ ಬಂದ ಮೇಲೆ ಮತ್ತೆ ಕೊಟ್ಟರು. ಎರಡನೆಯ ಸಲ ಅದೇ ರೈತರು ಎಷ್ಟೋ ಚುರುಕು. ನಾವು ಒಬ್ಬನನ್ನು ಮಂದ, ಸಿಡುಕ ಅಂತ ಕರೆದುಬಿಡುತ್ತೇವೆ; ಕರೆದದ್ದು ಯಾವ ತಿಂಗಳಲ್ಲಿ ಎಂಬುದನ್ನು ನೋಡುವುದಿಲ್ಲ.

ಬೆಂಗಳೂರಿನಲ್ಲಿರುವ ನನ್ನ ಮಗ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ನಮ್ಮೂರ ಮಳೆ ಅವನಿಗೆ ಮೊಬೈಲಿನಲ್ಲೇ ಕಾಣುತ್ತದೆ, ಹಾಗಾಗಿ ಕೇಳುವುದಿಲ್ಲ. “ಅಪ್ಪಾ, ಆರಾಮ?” “ಹ್ಞೂಂ. ನೀ?” “ಹ್ಞೂಂ.” ಅಲ್ಲಿಗೆ ಮುಗಿಯಿತು. ಮೊನ್ನೆ ನಾನೇ ಮೊದಲು ಕೇಳಿದೆ: “ಅಲ್ಲೆ ಮಳಿ ಹ್ಯಾಂಗಪಾ?” ತುಂಬಿದ ರಸ್ತೆ, ಎರಡು ತಾಸಿನ ಟ್ರಾಫಿಕ್, ನೆನೆದ ಬೂಟು, ಸಿಟ್ಟೆಲ್ಲ ಕಾರಿಕೊಂಡ. ನಾನು ಕಟ್ಟೆಯ ಅಜ್ಜನಂತೆ ಪೂರಾ ಕೇಳಿಸಿಕೊಂಡೆ. ಎಲಿ-ಅಡಿಕಿ ಫೋನಿನಲ್ಲಿ ಕೊಡಲು ಬರುವುದಿಲ್ಲ, ಅಷ್ಟೇ. ಆಮೇಲೆ ಕೇಳಿದೆ: “ಮತ್ತ, ಆರಾಮ ಅದೀ?”

ಅವನು ಕೂಡಲೇ ‘ಹ್ಞೂಂ’ ಅನ್ನಲಿಲ್ಲ. “ತಡೀ ಅಪ್ಪಾ, ಹೇಳತೇನಿ,” ಅಂದ. ಕುರ್ಚಿ ಎಳೆದ ಸದ್ದು ಕೇಳಿಸಿತು.