ಹೆಸರಿನಲ್ಲಿರುವ ಊರು
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಮೆಕ್ಸಿಕೋ ದೇಶದ ಗಡಿನಗರವೊಂದಕ್ಕೆ 1888ರಲ್ಲಿ ಹಳೆಯ ಹೆಸರನ್ನು ತೆಗೆದು, ಹಿಂದೆ ರಾಷ್ಟ್ರಾಧ್ಯಕ್ಷರಾಗಿದ್ದ ಬೆನಿಟೊ ಹುವಾರೆಸ್ ಅವರ ಹೆಸರನ್ನಿಟ್ಟರು. ಅಲ್ಲಿ ಊರು ಮನುಷ್ಯನ ಹೆಸರನ್ನು ಹೊತ್ತಿತು. ನಮ್ಮಲ್ಲಿ ಮನುಷ್ಯನೇ ಊರಿನ ಹೆಸರನ್ನು ಹೊರುತ್ತಾನೆ. ರಾಷ್ಟ್ರಕವಿ ಗೋವಿಂದ ಪೈಗಳ ಹೆಸರಿನ ಹಿಂದೆ ಮಂಜೇಶ್ವರವಿದೆ. 1956ರ ನವೆಂಬರ್ 1ರಂದು, ನಾವು ಹಬ್ಬವೆಂದು ಆಚರಿಸುವ ಇದೇ ದಿನ, ಆ ಊರು ಕೇರಳಕ್ಕೆ ಸೇರಿತು. ಪೈಗಳು 1963ರಲ್ಲಿ ತೀರಿಕೊಂಡರು. ಇಂದಿಗೂ ಕನ್ನಡಿಗರು ಅವರನ್ನು ಮಂಜೇಶ್ವರದ ಪೈಗಳೆಂದೇ ಕರೆಯುತ್ತೇವೆ.

ಮುಂಬಯಿಯ ಬ್ಯಾಂಕಿನಲ್ಲಿ ದುಡಿಯುವ ನಾವು ಕಾರ್ನಾಡ, ಹಟ್ಟಿಯಂಗಡಿ, ಮಂಜೇಶ್ವರ ಎಂಬ ಸಹಿಗಳನ್ನು ಕಾಣುತ್ತಿರುತ್ತೇವೆ. ನಮ್ಮ ಮಕ್ಕಳಿಗೆ ಅವು ಬರಿಯ ಅಡ್ಡಹೆಸರುಗಳು. ಬರುವ ಬೇಸಿಗೆ ರಜೆಯಲ್ಲಿ ಅವರನ್ನು ಆ ಊರುಗಳಿಗೊಮ್ಮೆ ಕರೆದೊಯ್ಯೋಣ. ಮಂಜೇಶ್ವರದ ನಿಲ್ದಾಣದಲ್ಲೂ ಇಳಿಸೋಣ. ತಾವು ಬರೆಯುವ ಹೆಸರಿನ ಮಣ್ಣನ್ನು ಅವರು ಮೆಟ್ಟಲಿ.