ಹಿಡಿತ ಬಿಡಬೇಕು, ಹೊಣೆ ಬಿಡಬಾರದು

(ಕೊಹಿನೂರಿನಲ್ಲಿ ಬಸವ ಜಯಂತಿ ಮತ್ತು ಬುದ್ಧ ಪೂರ್ಣಿಮೆಯ ನಡುವಿನ ದಿನಗಳಲ್ಲಿ ನಡೆದ ಅನುಭಾವ ಗೋಷ್ಠಿಯ ಉಪನ್ಯಾಸ)





ವೈಶಾಖ ಶುದ್ಧ ತದಿಗೆಯಂದು ಬಸವ ಜಯಂತಿ. ಅದೇ ಪಕ್ಷದ ಹುಣ್ಣಿಮೆಗೆ ಬುದ್ಧ ಪೂರ್ಣಿಮೆ. ಇಬ್ಬರು ಮಹಾತ್ಮರ ನಡುವೆ ನೂರಾರು ವರ್ಷಗಳ ಅಂತರವಿದ್ದರೂ ಪಂಚಾಂಗದಲ್ಲಿ ಅವರ ನಡುವೆ ಹನ್ನೆರಡೇ ದಿನ. ಆದರೆ ಅದೇ ತದಿಗೆಗೆ ಅಕ್ಷಯ ತೃತೀಯ ಎಂಬ ಇನ್ನೊಂದು ಹೆಸರೂ ಇದೆ. ಆ ದಿನ ಬಂಗಾರ ಕೊಂಡರೆ ಮನೆಯ ಸಂಪತ್ತು ಕರಗುವುದಿಲ್ಲ ಎಂಬ ನಂಬಿಕೆ ಈಗ ಊರೂರಿಗೂ ಹಬ್ಬಿದೆ. ಬೆಳಿಗ್ಗೆ ಬಸವಣ್ಣನವರ ಭಾವಚಿತ್ರದ ಮೆರವಣಿಗೆ, ಮಧ್ಯಾಹ್ನ ಸರಾಫ ಅಂಗಡಿಯ ಮುಂದೆ ಸಾಲು. ನಾಳೆಗೆಂದು ಕೂಡಿಡಬಾರದು ಎಂದು ಕಲಿಸಿದ ಗುರುವಿನ ಜಯಂತಿಯ ದಿನವೇ ನಾವು ಕೂಡಿಡುವ ಮುಹೂರ್ತ ನೋಡುತ್ತೇವೆ. ಹೀಗಾಗಿ ಇಂದಿನ ವಿಷಯವನ್ನು ದೂರದಿಂದ ತರಬೇಕಾಗಿಲ್ಲ. ಹಿಡಿದುಕೊಳ್ಳುವುದು, ಬಿಡುವುದು, ಅದರಿಂದ ಬರುವ ದುಃಖ, ಅದರಿಂದ ಸಿಗುವ ಸಮಾಧಾನ, ಇವೆಲ್ಲ ನಮ್ಮ ಮನೆಯ ಮಾತೇ.

ಕೆಲವರು ಕೇಳುತ್ತಾರೆ: "ಲಿಂಗಾಯತರ ಗೋಷ್ಠಿಯಲ್ಲಿ ಬುದ್ಧನ ಮಾತು ಯಾಕ್ರೀ?" ಉತ್ತರ ನಮ್ಮ ನೆಲದಲ್ಲಿಯೇ ಇದೆ. ಕಲಬುರಗಿ ಜಿಲ್ಲೆಯಲ್ಲಿ ಭೀಮಾ ದಂಡೆಯ ಸನ್ನತಿಯಲ್ಲಿ 1986ರಲ್ಲಿ ಗುಡಿಯೊಂದು ಕುಸಿದಾಗ, ಮೂರ್ತಿಯ ಕೆಳಗಿನ ಪೀಠದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಉತ್ಖನನದಲ್ಲಿ ದೊಡ್ಡ ಸ್ತೂಪವೇ ಬೆಳಕಿಗೆ ಬಂತು. ಅಶೋಕನ ಹೆಸರು ಕೆತ್ತಿರುವ ಅವನದೇ ಶಿಲ್ಪ ಅಲ್ಲಿ ದೊರೆಯಿತು. ಇದು ಬಹಳ ಹಳೆಯ ಮಾತಾಯಿತು ಎನ್ನುವಿರಾದರೆ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬನ್ನಿ. 1065ರಲ್ಲಿ ಬಳ್ಳಿಗಾವಿಯಲ್ಲಿ ಬೌದ್ಧ ವಿಹಾರ ಕಟ್ಟಿಸಿದ ಶಾಸನವಿದೆ. 1095ರ ಡಂಬಳದ ಶಾಸನದಲ್ಲಿ ಅಲ್ಲಿಯ ಶೆಟ್ಟರು ಕಟ್ಟಿಸಿದ ವಿಹಾರದ ಮತ್ತು ತಾರಾದೇವಿಯ ಮಾತು ಬರುತ್ತದೆ. ಆಗ ನಮ್ಮ ಇದೇ ಕಲ್ಯಾಣದಿಂದ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ. ಅಲ್ಲಿಂದ ಎರಡು ಮೂರು ತಲೆಮಾರಿನಲ್ಲಿ ಶರಣರ ಕಾಲ ಬಂತು. ಶರಣರು ಬುದ್ಧನಿಂದ ಕಲಿತರು ಎಂದು ಸಾಧಿಸಲು ನಾನು ನಿಂತಿಲ್ಲ. ಈ ಮಣ್ಣಿಗೆ ಆ ಮಾತು ಹೊರಗಿನದಲ್ಲ ಎಂದಷ್ಟೇ ಹೇಳುತ್ತೇನೆ.

ಬುದ್ಧ ಹೇಳಿದ್ದನ್ನು ವೈದ್ಯರ ಭಾಷೆಯಲ್ಲಿ ಹೇಳಬಹುದು. ರೋಗ ಇದೆ, ರೋಗಕ್ಕೆ ಕಾರಣ ಇದೆ, ರೋಗ ವಾಸಿಯಾಗುತ್ತದೆ, ವಾಸಿಯಾಗಲು ಪಥ್ಯ ಇದೆ. ರೋಗದ ಹೆಸರು ದುಃಖ. ಕಾರಣದ ಹೆಸರು ತೃಷ್ಣೆ, ಅಂದರೆ ತೀರದ ಬಾಯಾರಿಕೆ. ನೀರು ಕುಡಿಯುವುದು ತಪ್ಪಲ್ಲ. ಕುಡಿದಷ್ಟೂ ಹೆಚ್ಚುವ ಬಾಯಾರಿಕೆ ರೋಗ. ಮಕ್ಕಳನ್ನು ಪ್ರೀತಿಸುವುದು ತಪ್ಪಲ್ಲ. ಮಗ ನಾನು ಹೇಳಿದಂತೆಯೇ ಬಾಳಬೇಕು ಎಂದು ಅವನ ಬದುಕನ್ನು ಮುಷ್ಟಿಯಲ್ಲಿ ಹಿಡಿಯುವುದು ರೋಗ. ಹೊಲವಿರುವುದು ತಪ್ಪಲ್ಲ. ಬದುವಿನ ಒಂದು ಮೊಳ ಜಾಗಕ್ಕೆ ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯುವುದು ರೋಗ. ಆ ಒಂದು ಮೊಳದಲ್ಲಿ ಎಷ್ಟು ಸೇರು ತೊಗರಿ ಬೆಳೆಯುತ್ತದೆ, ವಕೀಲರಿಗೆ ಕೊಟ್ಟದ್ದೆಷ್ಟು, ಲೆಕ್ಕ ಹಾಕಿ ನೋಡಿ.

ಬುದ್ಧನ ಇನ್ನೊಂದು ಉಪಮೆ ನಮ್ಮ ರೈತರಿಗೆ ನೇರವಾಗಿ ತಾಗುತ್ತದೆ. ಮನುಷ್ಯನಿಗೆ ಒಂದು ಬಾಣ ನಾಟುತ್ತದೆ. ಅದು ದೇಹದ ನೋವು, ಬದುಕಿನ ಪೆಟ್ಟು. ಅದನ್ನು ಯಾರೂ ಪೂರ್ತಿ ತಪ್ಪಿಸಿಕೊಳ್ಳಲಾರರು. ತಿಳಿಯದವನಿಗೆ ಅದರ ಹಿಂದೆಯೇ ಎರಡನೆಯ ಬಾಣ ನಾಟುತ್ತದೆ. ಅದು ಆ ನೋವಿನ ಬಗ್ಗೆ ಮನಸ್ಸು ಹುಟ್ಟಿಸುವ ಗೋಳು. ನಮ್ಮ ಕಡೆ ತೊಗರಿಗೆ ನೆಟೆ ರೋಗ ಬಿದ್ದು, ಹೂವು ಕಾಯಿ ಹಿಡಿದ ಹೊಲ ಕಣ್ಣೆದುರೇ ಒಣಗುತ್ತದೆ. ಕಟಾವಿನ ಹೊತ್ತಿಗೆ ಮಳೆ ಹಿಡಿದು ಸೋಯಾ ರಾಶಿ ಕೊಳೆಯುತ್ತದೆ. ಇದು ಮೊದಲನೆಯ ಬಾಣ. "ಮಂದಿ ಏನಂತಾರ? ಬೀಗರ ಮುಂದೆ ಹೆಂಗ ಮಾರಿ ತೋರಿಸಲಿ?" ಇದು ಎರಡನೆಯದು. ಎಷ್ಟೋ ಮನೆಗಳಲ್ಲಿ ಜೀವ ತೆಗೆದದ್ದು ಈ ಎರಡನೆಯ ಬಾಣವೇ.

ಆದರೆ ಇಲ್ಲಿ ಒಂದು ಮಾತು ಸೇರಿಸಬೇಕು. ಎರಡನೆಯ ಬಾಣವನ್ನು ಅವನೊಬ್ಬನೇ ಬಿಟ್ಟುಕೊಳ್ಳುವುದಿಲ್ಲ. ಕಟ್ಟೆಯ ಮೇಲೆ ಕೂತು ಅವನ ಸಾಲದ ಲೆಕ್ಕ ಮಾತಾಡುವ ನಾವೂ ಬಿಡುತ್ತೇವೆ. ಆಡಂಬರದ ಮದುವೆ ಮಾಡಿ ಪಕ್ಕದ ಮನೆಯವರಿಗೆ ಅದನ್ನೇ ಅಳತೆಗೋಲಾಗಿ ಕೊಡುವ ನಾವೂ ಬಿಡುತ್ತೇವೆ. ಆದ್ದರಿಂದ ದುಃಖ ಕಡಿಮೆ ಮಾಡುವ ಸಾಧನೆ ಕಣ್ಣು ಮುಚ್ಚಿ ಕೂಡುವುದರಲ್ಲಿ ಮುಗಿಯುವುದಿಲ್ಲ. ಬಾಯಿ ಮುಚ್ಚುವುದರಲ್ಲಿಯೂ ಇದೆ, ಬಾಗಿಲು ತೆರೆಯುವುದರಲ್ಲಿಯೂ ಇದೆ. ಊರಲ್ಲಿ ಯಾರಾದರೂ ಮಾತು ಬಿಟ್ಟು, ಊಟ ಬಿಟ್ಟು ಒಬ್ಬರೇ ಕೂಡುತ್ತಿದ್ದರೆ ಹೋಗಿ ಪಕ್ಕದಲ್ಲಿ ಕೂಡಿರಿ. ಉಪದೇಶ ಬೇಡ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಹಗಲಾಗಲಿ ರಾತ್ರಿಯಾಗಲಿ ಅವರಿಗೆ ಫೋನು ಹಚ್ಚಿಕೊಡಿ. ಇದೂ ಲಿಂಗಪೂಜೆಯೇ.

ಮಗುವನ್ನು ಕಳೆದುಕೊಂಡ ಕಿಸಾಗೋತಮಿಯ ಕಥೆ ನಿಮಗೆಲ್ಲ ಗೊತ್ತು. ಸಾವು ಕಾಣದ ಮನೆಯಿಂದ ಸಾಸಿವೆ ತಾ ಎಂದು ಬುದ್ಧ ಕಳಿಸಿದ. ಸಾವು ಎಲ್ಲರಿಗೂ ತಪ್ಪದು ಎಂಬುದೇ ಆ ಕಥೆಯ ನೀತಿ ಎಂದು ಹೇಳಿ ಮುಗಿಸುತ್ತೇವೆ. ಅಷ್ಟನ್ನೇ ಹೇಳುವುದಿದ್ದರೆ ಬುದ್ಧ ಕೂತಲ್ಲಿಯೇ ಹೇಳಬಹುದಿತ್ತು. ಆತ ಅವಳನ್ನು ಮನೆಮನೆಗೆ ನಡೆಸಿದ. ಪ್ರತಿ ಬಾಗಿಲಲ್ಲಿ ಒಬ್ಬ ತಾಯಿ, ಒಬ್ಬ ವಿಧವೆ, ಒಬ್ಬ ಮುದುಕ ತಮ್ಮ ದುಃಖ ಹೇಳಿಕೊಂಡಿರಬೇಕು. ಸಂಜೆಯ ಹೊತ್ತಿಗೆ ಅವಳ ದುಃಖ ಅವಳೊಬ್ಬಳದಾಗಿ ಉಳಿಯಲಿಲ್ಲ. ಸಾಸಿವೆ ಸಿಗಲಿಲ್ಲ, ಊರು ಸಿಕ್ಕಿತು. ಆಗ ಅವಳಿಗೆ ಮಗುವಿನ ದೇಹವನ್ನು ಕೈಯಿಂದ ಬಿಡಲು ಬಂತು. ಬಲವಂತದಿಂದ ಯಾರೂ ಬಿಡುವುದಿಲ್ಲ. ಜೊತೆ ಸಿಕ್ಕಾಗ ಕೈ ತಾನಾಗಿ ಸಡಿಲಾಗುತ್ತದೆ. ಸಾವಿನ ಮನೆಗೆ ರೊಟ್ಟಿ ಪಲ್ಯ ಒಯ್ದು ಕೊಡುವ ನಮ್ಮ ತಾಯಂದಿರಿಗೆ ಇದು ಪುಸ್ತಕವಿಲ್ಲದೆ ಗೊತ್ತಿದೆ. ಆ ಪದ್ಧತಿ ಉಳಿಸಿರಿ. ಅದೇ ಮನೆಯವರು ಸಾಲ ಮಾಡಿ ಊರಿಗೆ ಊಟ ಹಾಕುವ ಪದ್ಧತಿ ಬಿಡಿರಿ.

ಈಗ ಒಂದು ಕಠಿಣ ಪ್ರಶ್ನೆ. "ಆಸೆಯೇ ದುಃಖಕ್ಕೆ ಮೂಲ, ಬಿಟ್ಟುಬಿಡು" ಎಂಬ ಮಾತನ್ನು ಯಾರಿಗೆ ಹೇಳಬೇಕು? ಕೂಲಿ ಸಿಗದವನಿಗೆ ಹೇಳಬಹುದೇ? ಹೊಟೇಲಿನಲ್ಲಿ ಬೇರೆ ಲೋಟದಲ್ಲಿ ಚಹಾ ಕುಡಿದವನಿಗೆ ಹೇಳಬಹುದೇ? ಅವನ ದುಃಖ ಅವನ ಆಸೆಯಿಂದ ಬಂದದ್ದಲ್ಲ. ಇನ್ನೊಬ್ಬರು ಬಿಡದೆ ಹಿಡಿದುಕೊಂಡದ್ದರಿಂದ ಬಂದದ್ದು. ಡಾ. ಬಾಬಾಸಾಹೇಬ ಅಂಬೇಡ್ಕರ್ ಅವರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ಧಮ್ಮ ಸ್ವೀಕರಿಸಿದರು. ಅವರ ನಿಧನದ ನಂತರ 1957ರಲ್ಲಿ ಪ್ರಕಟವಾದ "ಬುದ್ಧ ಮತ್ತು ಆತನ ಧಮ್ಮ" ಗ್ರಂಥದ ಪೀಠಿಕೆಯಲ್ಲಿ ಅವರು ದುಃಖದ ಸತ್ಯಗಳ ಬಗ್ಗೆಯೇ ಪ್ರಶ್ನೆ ಎತ್ತಿದರು. ಬದುಕೇ ದುಃಖ, ಸಾವೂ ದುಃಖ, ಮರುಹುಟ್ಟೂ ದುಃಖ ಎಂದರೆ ಮನುಷ್ಯನಿಗೆ ಭರವಸೆ ಎಲ್ಲಿ ಉಳಿಯಿತು ಎಂಬುದು ಅವರ ಚಿಂತೆ. ಮನುಷ್ಯ ಮನುಷ್ಯನಿಗೆ ಮಾಡುವ ಅನ್ಯಾಯದ ದುಃಖವನ್ನು ಅವರು ಎದುರಿಗೆ ತಂದು ನಿಲ್ಲಿಸಿದರು. ಬೀದರ, ಕಲಬುರಗಿ ಸೀಮೆಯಲ್ಲಿ ನಮ್ಮ ಅಕ್ಕಪಕ್ಕದ ಎಷ್ಟೋ ಮನೆಗಳು ಆ ದಾರಿ ಹಿಡಿದಿವೆ. ಅವರ ಮುಂದೆ ನಿಂತು ನಾವು ವೈರಾಗ್ಯ ಬೋಧಿಸುವಂತಿಲ್ಲ. ಬಿಡು ಎಂಬ ಮಾತು ಹಿಡಿದುಕೊಂಡವನಿಗೆ ಸಲ್ಲುತ್ತದೆ. ಇಲ್ಲದವನಿಗೆ ಅದು ಅವಮಾನ.

ಶರಣರು ಈ ಪ್ರಶ್ನೆಗೆ ಉತ್ತರ ಬದುಕಿ ತೋರಿಸಿದರು. ಬುದ್ಧ ಮನೆ ಬಿಟ್ಟು ಭಿಕ್ಷು ಸಂಘ ಕಟ್ಟಿದ. ಶರಣರು ಬಹುಪಾಲು ಮನೆಯಲ್ಲಿಯೇ ಇದ್ದರು. ಈ ವ್ಯತ್ಯಾಸ ಮುಚ್ಚಿಡಬೇಕಾಗಿಲ್ಲ. ಬುದ್ಧನೂ ಗೃಹಸ್ಥನನ್ನು ಮರೆತವನಲ್ಲ. ಅನಾಥಪಿಂಡಿಕನೆಂಬ ವ್ಯಾಪಾರಿಗೆ ಗೃಹಸ್ಥನ ನಾಲ್ಕು ಸುಖ ಹೇಳಿದ. ದುಡಿದು ಪಡೆದ ಸುಖ, ಅದನ್ನು ಅನುಭವಿಸಿ ಕೊಟ್ಟ ಸುಖ, ಸಾಲವಿಲ್ಲದ ಸುಖ, ತಪ್ಪು ನಡೆಯಿಲ್ಲದ ಸುಖ. ಮೂರನೆಯದನ್ನು ಮದುವೆಯ ತಿಂಗಳಲ್ಲಿ ಪ್ರತಿ ಮನೆಯ ಗೋಡೆಗೆ ಬರೆದು ಹಾಕಬೇಕು.

ಹುಮನಾಬಾದ ತಾಲೂಕಿನ ಮೊಳಕೇರಾ ನಿಮಗೆ ಗೊತ್ತು, ಮೋಳಿಗೆಯ ಮಾರಯ್ಯನವರ ನೆನಪಿನ ಊರು. ಶರಣ ಚರಿತ್ರೆಗಳು ಹೇಳುವಂತೆ ಅವರು ಕಾಶ್ಮೀರದ ಅರಸರು. ರಾಜ್ಯ ಬಿಟ್ಟು ಪತ್ನಿ ಮಹಾದೇವಿಯೊಂದಿಗೆ ಕಲ್ಯಾಣಕ್ಕೆ ಬಂದರು. ಬಂದವರು ಗುಹೆ ಸೇರಿ ಸುಮ್ಮನೆ ಕೂಡಲಿಲ್ಲ. ಕಟ್ಟಿಗೆ ಕಡಿದು ಹೊರೆ ಹೊತ್ತು ಮಾರಿದರು, ಬಂದದ್ದರಲ್ಲಿ ದಾಸೋಹ ಮಾಡಿದರು. ಬಸವಣ್ಣನವರು ವೇಷ ಮರೆಸಿ ಬಂದು ಅಂಬಲಿ ಉಂಡು, ಆ ಬಡತನ ಕಂಡು ಮರುಗಿ, ಗುಟ್ಟಾಗಿ ಹೊನ್ನು ಇಟ್ಟು ಹೋದರಂತೆ. ಮಾರಯ್ಯ ಅದನ್ನು ಇಟ್ಟುಕೊಳ್ಳಲಿಲ್ಲ, ಜಂಗಮರಿಗೆ ಹಂಚಿಬಿಟ್ಟರು. ರಾಜ್ಯ ಬಿಟ್ಟದ್ದು ದೊಡ್ಡದು. ಬಿಟ್ಟ ಮೇಲೆ ಹೊರೆ ಹೊತ್ತದ್ದು ಅದಕ್ಕಿಂತ ದೊಡ್ಡದು. ಹಿಡಿತ ಬಿಟ್ಟರು, ಹೊಣೆ ಬಿಡಲಿಲ್ಲ. ಆಯ್ದಕ್ಕಿ ಲಕ್ಕಮ್ಮ ಗಂಡ ಒಂದು ದಿನ ಹೆಚ್ಚು ಅಕ್ಕಿ ತಂದಾಗ, ತಿರುಗಿ ಹೋಗಿ ಅಲ್ಲಿಯೇ ಸುರಿದು ಬನ್ನಿ ಎಂದದ್ದೂ ಇದೇ ವಿವೇಕ. ಅವಳ ಮನೆಯಲ್ಲಿ ಮರುದಿನಕ್ಕೆ ಅಕ್ಕಿ ಇರಲಿಲ್ಲ, ಆದರೆ ಸಾಕು ಎಂಬ ಅಳತೆ ಇತ್ತು.

ನಾವು ಕೊಡುವುದಿಲ್ಲವೆಂದಲ್ಲ, ಕೊಡುತ್ತೇವೆ. ಮಠಕ್ಕೆ ಸ್ಟೀಲ್ ಪರಾತ ಕೊಟ್ಟರೆ ಅದರ ಮೇಲೆ ಹೆಸರು, ಫ್ಯಾನ್ ಕೊಟ್ಟರೆ ಅದರ ರೆಕ್ಕೆಯ ಮೇಲೆ ಹೆಸರು. ಫ್ಯಾನ್ ತಿರುಗುವಾಗ ಆ ಹೆಸರು ಯಾರಿಗೂ ಕಾಣುವುದಿಲ್ಲ, ಆದರೂ ಬರೆಸುತ್ತೇವೆ. ದಾನದಲ್ಲಿ ಕೊಟ್ಟವನು ಉಳಿಯುತ್ತಾನೆ. ದಾಸೋಹದಲ್ಲಿ ಕೊಟ್ಟವನು ದಾಸನಾಗಿ ಹಿಂದೆ ಸರಿಯುತ್ತಾನೆ. ವಸ್ತು ಬಿಡುವುದು ಸುಲಭ, ಬಿಟ್ಟವನು ನಾನು ಎಂಬುದನ್ನು ಬಿಡುವುದು ಕಷ್ಟ.

ಅದಕ್ಕಿಂತಲೂ ಕಷ್ಟದ್ದು ಧರ್ಮದ ಹೆಸರಿನ ಹಿಡಿತ. ಬುದ್ಧ ತೆಪ್ಪದ ಉಪಮೆ ಕೊಟ್ಟ. ಹೊಳೆ ದಾಟಲು ತೆಪ್ಪ ಕಟ್ಟಿದವನು ದಡ ಸೇರಿದ ಮೇಲೂ ಅದನ್ನು ತಲೆಯ ಮೇಲೆ ಹೊತ್ತು ತಿರುಗಿದರೆ ಏನು ಹೇಳೋಣ? ಮಾರಯ್ಯನವರು ಲಿಂಗೈಕ್ಯಕ್ಕಾಗಿ ತವಕಿಸಿದಾಗ ಮಹಾದೇವಿ ತಾಯಿ ಅದನ್ನೂ ಪ್ರಶ್ನಿಸಿದರು. ಇರುವಲ್ಲಿಯೇ ಇರುವುದನ್ನು ಇನ್ನೆಲ್ಲೋ ಹುಡುಕುವುದು ಯಾಕೆ ಎಂಬುದು ಆ ತಾಯಿಯ ನಿಲುವು. ಮುಕ್ತಿಯ ಆಸೆಯೂ ಆಸೆಯೇ.

ನಮ್ಮ ತಲೆಯ ಮೇಲಿನ ತೆಪ್ಪ ಯಾವುದು? ಜಾತಿಯ ಹೊಳೆ ದಾಟಲೆಂದೇ ಗುರು ಬಸವಣ್ಣ ಇಷ್ಟಲಿಂಗ ಕೊಟ್ಟರು. ಹರಳಯ್ಯ, ಮಧುವರಸರು ಮಕ್ಕಳ ಸಂಬಂಧ ಬೆಳೆಸಿ, ಇದೇ ಕಲ್ಯಾಣದಲ್ಲಿ ಪ್ರಾಣ ತೆತ್ತರು. ಇಂದು ಹೆಣ್ಣು ನೋಡಲು ಬಂದವರು ಲಿಂಗಾಯತರು ಎಂದು ಹೇಳಿದ ಮೇಲೂ "ಯಾವ ಲಿಂಗಾಯತರು?" ಎಂದು ಕೇಳುತ್ತೇವೆ. ದಾಟಿಸಲು ಬಂದ ತೆಪ್ಪವನ್ನು ಹಲಗೆ ಹಲಗೆಯಾಗಿ ಬಿಚ್ಚಿ, ಒಳಪಂಗಡಕ್ಕೆ ಒಂದೊಂದರಂತೆ ಹಂಚಿಕೊಂಡು, ಹೊಳೆಯ ಈಚೆ ದಡದಲ್ಲಿಯೇ ಕೂತಿದ್ದೇವೆ. ಬಸವಕಲ್ಯಾಣದಲ್ಲಿ 108 ಅಡಿಯ ಬಸವಣ್ಣನವರ ಮೂರ್ತಿ ಇದೆ. ಅಷ್ಟು ಎತ್ತರದಿಂದ ನೋಡಿದರೆ ನಮ್ಮ ಈ ಬದುಗಳು ಕಾಣಲಾರವು.

ಮಾತು ಮುಗಿಸುವ ಮುನ್ನ ಮೂರು ಕೆಲಸ. ಒಂದು, ಈ ವರ್ಷ ಮನೆಯಲ್ಲಿ ಮದುವೆ ಇದ್ದವರು ಸಾಲ ಮಾಡದೆ ವಚನ ಮಾಂಗಲ್ಯ ಮಾಡಿರಿ. ಉಳ್ಳವರೇ ಮೊದಲು ಮಾಡಬೇಕು. ಉಳ್ಳವರು ಸರಳವಾದರೆ ಇಲ್ಲದವರಿಗೆ ಅದು ಕೀಳರಿಮೆ ಎನಿಸುವುದಿಲ್ಲ. ಎರಡು, ಬದುವಿನ ಜಗಳ ಇದ್ದವರು ಮುಂಗಾರು ಬಿತ್ತನೆಯ ಮೊದಲು ಒಮ್ಮೆ ಅಣ್ಣನ ಮನೆಗೆ ಊಟಕ್ಕೆ ಹೋಗಿರಿ. ಕಾಗದ ಪತ್ರ ಒಯ್ಯಬೇಡಿರಿ. ಮೂರು, ರಾಶಿಯಾದ ಮೇಲೆ ಸಾಕು ಎಂಬ ಗೆರೆ ನೀವೇ ಎಳೆದುಕೊಂಡು, ಗೆರೆಯ ಆಚೆಯದನ್ನು ಊರಿನ ಒಂದು ಮಗುವಿನ ಓದಿಗೆ ಕೊಡಿರಿ. ಆ ಮಗು ನಿಮ್ಮ ಓಣಿಯದಲ್ಲದಿದ್ದರೆ ಇನ್ನೂ ಒಳ್ಳೆಯದು. ಹೆಸರು ಬರೆಸಬೇಡಿರಿ.

ಇಷ್ಟು ಮಾಡಿದರೆ ಬುದ್ಧ ಪೂರ್ಣಿಮೆಯ ದಿನ ಪಕ್ಕದ ಓಣಿಯ ವಿಹಾರಕ್ಕೆ ಹೋಗಿ ಶರಣು ಎನ್ನಲು ನಮಗೆ ಸಂಕೋಚವಿರುವುದಿಲ್ಲ.